ಒಲ್ಲೆನೆಂದ ಬಾಲೆ

ಮಕ್ಕಳ ಕಥೆಗಳಲ್ಲಿ ದೊಡ್ಡವರ ಮಾತನ್ನು ಮೀರಿದ ಮಗುವಿಗೆ ಸಾಮಾನ್ಯವಾಗಿ ಶಿಕ್ಷೆ ಕಾದಿರುತ್ತದೆ. ಹೋಗಬೇಡವೆಂದ ಕಾಡಿಗೆ ಹೋದದ್ದಕ್ಕೋ, ತೆರೆಯಬೇಡವೆಂದ ಬಾಗಿಲನ್ನು ತೆರೆದದ್ದಕ್ಕೋ, ತಿನ್ನಬೇಡವೆಂದ ಹಣ್ಣನ್ನು ತಿಂದದ್ದಕ್ಕೋ ಅದು ಸಂಕಟಕ್ಕೆ ಸಿಕ್ಕಿ, ಪಶ್ಚಾತ್ತಾಪಪಟ್ಟು, ಕಡೆಗೆ ವಿಧೇಯತೆಯ ಪಾಠವನ್ನು ಕಲಿತು ಮನೆಗೆ ಮರಳುತ್ತದೆ. ಇಂಥ ಕಥೆಗಳ ಕಾಡು, ಕಿನ್ನರಿ, ರಾಕ್ಷಸ, ಮಾಯದ ಬೀಗದಕೈ ಎಲ್ಲವನ್ನೂ ಉಳಿಸಿಕೊಂಡು, ಅವುಗಳ ನೀತಿಯನ್ನು ಮಾತ್ರ ತಲೆಕೆಳಗು ಮಾಡಿ, ಮಾತು ಮೀರುವುದೇ ಧರ್ಮವಾಗುವ ಸಂದರ್ಭವೂ ಒಂದುಂಟೆಂದು ತೋರಿಸಿಕೊಟ್ಟ ಚಲನಚಿತ್ರವೆಂದರೆ, ಮೆಕ್ಸಿಕೋ ದೇಶದ ನಿರ್ದೇಶಕ ಗಿಯೆರ್ಮೊ ದೆಲ್ ತೊರೊ ತಾವೇ ಬರೆದು ಸ್ಪ್ಯಾನಿಷ್ ಭಾಷೆಯಲ್ಲಿ ನಿರ್ದೇಶಿಸಿದ ‘ಎಲ್ ಲಬೆರಿಂತೊ ದೆಲ್ ಫೌನೊ’. 2006ರ ಮೇ ತಿಂಗಳಿನಲ್ಲಿ ಕಾನ್ ಚಿತ್ರೋತ್ಸವದಲ್ಲಿ ಮೊದಲು ಪ್ರದರ್ಶಿತವಾದ ಈ ಚಿತ್ರವನ್ನು ಹೊರದೇಶದ ಪ್ರೇಕ್ಷಕರು ಹೆಚ್ಚಾಗಿ ‘ಪ್ಯಾನ್ಸ್ ಲ್ಯಾಬಿರಿಂತ್’ ಎಂಬ ಹೆಸರಿನಿಂದ ಬಲ್ಲರು. ಭಯಾನಕವೂ ಕರುಣವೂ ಅದ್ಭುತವೂ ಒಂದರೊಳಗೊಂದು ಹೆಣೆದುಕೊಂಡಿರುವ ಈ ಕೃತಿಯನ್ನು ಸರಿಯಾಗಿ ಅರಿಯಬೇಕಾದರೆ, ಅದು ನಡೆಯುವ ದೇಶಕಾಲಗಳ ಪರಿಚಯ ಮೊದಲು ಆಗತಕ್ಕದ್ದು.

ದೇಶ, ಕಾಲ

ಕಥೆ ನಡೆಯುವುದು 1944ರ ಸ್ಪೇನಿನಲ್ಲಿ. ಚುನಾಯಿತವಾದ ಗಣರಾಜ್ಯದ ಮೇಲೆ 1936ರ ಜುಲೈಯಲ್ಲಿ ಸೇನಾಧಿಕಾರಿಗಳು ದಂಗೆಯೆದ್ದು, ಆ ದಂಗೆ ಅಂತರ್ಯುದ್ಧವಾಗಿ ಬೆಳೆದು, ಹಿಟ್ಲರ್ ಮುಸ್ಸೊಲಿನಿಗಳ ವಿಮಾನಗಳೂ ಸೈನಿಕರೂ ದಂಗೆಕೋರರ ಪಕ್ಷದಲ್ಲಿ ನಿಂತು ಕಾದಿದ ಮೇಲೆ, 1939ರ ಏಪ್ರಿಲ್ 1ರಂದು ದಂಗೆಕೋರರ ನಾಯಕ ಜನರಲ್ ಫ್ರಾಂಕೋ ವಿಜಯವನ್ನು ಸಾರಿದನು. ಯುದ್ಧ ಮುಗಿಯಿತಾದರೂ ಶಾಂತಿ ಬರಲಿಲ್ಲ. ಸೋತವರಲ್ಲಿ ಅನೇಕರು ಸೆರೆಮನೆಗಳಲ್ಲಿ ಕೊಳೆತರು, ಅನೇಕರು ಗುಂಡಿಗೆ ಬಲಿಯಾಗಿ ಹೆಸರಿಲ್ಲದ ಗುಂಡಿಗಳಲ್ಲಿ ಹೂಳಲ್ಪಟ್ಟರು, ಅನೇಕರು ಗಡಿ ದಾಟಿ ದೇಶಾಂತರ ಹೋದರು; ಉಳಿದವರಲ್ಲಿ ಕೆಲವರು ಕಾಡುಮೇಡುಗಳನ್ನು ಸೇರಿ ಗೆರಿಲ್ಲಾ ಹೋರಾಟವನ್ನು ಮುಂದುವರಿಸಿದರು. ಊರುಗಳಲ್ಲಿ ಅನ್ನವಿರಲಿಲ್ಲ. 1939ರಿಂದ 1952ರವರೆಗೆ ಜನರು ಪಡಿತರ ಚೀಟಿಯನ್ನು ಹಿಡಿದು ಬದುಕಬೇಕಾಯಿತು.

1944ನೆಯ ವರ್ಷವನ್ನೇ ದೆಲ್ ತೊರೊ ಆರಿಸಿಕೊಂಡದ್ದರಲ್ಲಿ ಆಳವಾದ ಅರ್ಥವಿದೆ. ಆ ಜೂನಿನಲ್ಲಿ ಮಿತ್ರರಾಷ್ಟ್ರಗಳ ಸೇನೆ ನಾರ್ಮಂಡಿಯ ತೀರದಲ್ಲಿ ಇಳಿದಿತ್ತು. ಚಿತ್ರದ ಗೆರಿಲ್ಲಾಗಳು ಆ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ, ಹಿಟ್ಲರನು ಬಿದ್ದ ಮೇಲೆ ಫ್ರಾಂಕೋ ಉಳಿದಾನೆಯೇ ಎಂಬ ಭರವಸೆಯಿಂದ ಹಸಿವನ್ನೂ ಗಾಯವನ್ನೂ ಸಹಿಸುತ್ತಾರೆ. ಆದರೆ ಮಿತ್ರರಾಷ್ಟ್ರಗಳ ನೆರವು ಬರಲೇ ಇಲ್ಲ. 1953ರಲ್ಲಿ ಅಮೆರಿಕವು ಸೇನಾ ನೆಲೆಗಳಿಗಾಗಿ ಫ್ರಾಂಕೋನೊಡನೆ ಒಪ್ಪಂದ ಮಾಡಿಕೊಂಡಿತು. 1955ರಲ್ಲಿ ಸ್ಪೇನ್ ವಿಶ್ವಸಂಸ್ಥೆಯ ಸದಸ್ಯತ್ವವನ್ನು ಪಡೆಯಿತು. ಸರ್ವಾಧಿಕಾರಿಯು 1975ರ ನವೆಂಬರ್ 20ರವರೆಗೆ ಆಳಿ, ಹಾಸಿಗೆಯ ಮೇಲೆಯೇ ಕಣ್ಣು ಮುಚ್ಚಿದನು. ತೆರೆಯ ಮೇಲಿನವರಿಗೆ ತಿಳಿಯದ ಈ ಮುಂಗಥೆಯು ತೆರೆಯ ಮುಂದಿನವರಿಗೆ ತಿಳಿದಿರುವುದರಿಂದಲೇ ಚಿತ್ರದ ಒಂದೊಂದು ಆಶೆಯ ಮಾತೂ ಎದೆಗೆ ನಾಟುತ್ತದೆ.

ಕಥಾವಸ್ತು

ಯುದ್ಧದಲ್ಲಿ ತಂದೆಯನ್ನು ಕಳೆದುಕೊಂಡ ಓಫೆಲಿಯಾ ಎಂಬ ಹುಡುಗಿ, ತುಂಬು ಬಸುರಿಯಾದ ತಾಯಿ ಕಾರ್ಮೆನಳೊಡನೆ ಮಲೆನಾಡಿನ ಹಳೆಯ ಗಿರಣಿಯೊಂದಕ್ಕೆ ಬರುತ್ತಾಳೆ. ತಾಯಿಯ ಎರಡನೆಯ ಗಂಡ ಕ್ಯಾಪ್ಟನ್ ವಿದಾಲ್ ಅಲ್ಲಿ ಬೀಡುಬಿಟ್ಟು ಗೆರಿಲ್ಲಾಗಳನ್ನು ಬೇಟೆಯಾಡುತ್ತಿದ್ದಾನೆ. ಅವನನ್ನು ‘ಅಪ್ಪಾ’ ಎಂದು ಕರೆಯಬೇಕೆಂಬುದು ತಾಯಿಯ ಕೋರಿಕೆ. ಕಾರಿನಿಂದಿಳಿದ ಬಾಲೆ ಎದೆಗೆ ಪುಸ್ತಕಗಳನ್ನು ಅವಚಿಕೊಂಡು ಎಡಗೈಯನ್ನು ಮುಂದೆ ಚಾಚಿದಾಗ, ಅವನು ಆ ಕೈಯನ್ನು ಹಿಸುಕಿ ಹಿಡಿದು, ಕೊಡಬೇಕಾದದ್ದು ಇನ್ನೊಂದು ಕೈಯೆಂದು ತಣ್ಣಗೆ ತಿದ್ದುತ್ತಾನೆ. ಆ ಒಂದು ನೋವಿನ ಹಿಡಿತದಲ್ಲಿ ಆ ಮನೆಯ ಧರ್ಮವೆಲ್ಲ ಅಡಗಿದೆ.

ಗಿರಣಿಯ ಪಕ್ಕದಲ್ಲಿ ಪುರಾತನವಾದ ಕಲ್ಲಿನ ಚಕ್ರವ್ಯೂಹವೊಂದಿದೆ. ಕಡ್ಡಿಹುಳುವಿನ ರೂಪದಿಂದ ಕಿನ್ನರಿಯಾಗಿ ಮಾರ್ಪಟ್ಟ ಜೀವಿಯೊಂದು ಇರುಳಿನಲ್ಲಿ ಅವಳನ್ನು ಅದರ ನಡುಬಾವಿಗೆ ಕರೆದೊಯ್ಯುತ್ತದೆ. ಅಲ್ಲಿ ಕಾದಿರುವ ಫೌನೊ, ಮೇಕೆಯ ಕಾಲೂ ಕೋಡೂ ಉಳ್ಳ ಮುದಿ ವನದೇವತೆ, ನೀನು ಪಾತಾಳರಾಜನ ಕಳೆದುಹೋದ ಮಗಳು, ಹುಣ್ಣಿಮೆಯ ಒಳಗೆ ಮೂರು ಪರೀಕ್ಷೆಗಳಲ್ಲಿ ಗೆದ್ದರೆ ತಂದೆಯ ರಾಜ್ಯಕ್ಕೆ ಮರಳಬಲ್ಲೆ ಎಂದು ಹೇಳುತ್ತಾನೆ. ಮೇಲೆ ಸೈನಿಕರ ಲೋಕ, ಕೆಳಗೆ ಮಾಯೆಯ ಲೋಕ. ಇವೆರಡರ ನಡುವೆ ಓಡಾಡುವ ಹುಡುಗಿಯ ಕೆಲವು ದಿನಗಳೇ ಈ ಚಿತ್ರ.

ಪ್ರಶ್ನಿಸದವನ ಲೋಕ

ವಿದಾಲನ ಕೋಣೆ ಗಿರಣಿಯ ಭಾರಿ ಹಲ್ಲುಚಕ್ರಗಳ ಮುಂದಿದೆ. ಗಡಿಯಾರದ ಒಡಲೊಳಗೆ ಕುಳಿತವನಂತೆ ಅವನು ಅಲ್ಲಿ ಬೂಟುಗಳಿಗೆ ಹೊಳಪು ಕೊಟ್ಟು, ಕ್ಷೌರ ಮಾಡಿಕೊಂಡು, ತಂದೆಯಿಂದ ಬಂದ ಒಡಕು ಗಾಜಿನ ಜೇಬುಗಡಿಯಾರವನ್ನು ಒರೆಸುತ್ತಾನೆ. ತಾನು ಸತ್ತ ಗಳಿಗೆ ಮಗನಿಗೆ ತಿಳಿಯಲೆಂದು ಆ ತಂದೆ ರಣರಂಗದಲ್ಲಿ ಅದನ್ನು ಒಡೆದನೆಂಬುದು ಪ್ರತೀತಿ. ಮಗನಿಗೂ ಬದುಕೆಂದರೆ ಆ ಒಂದು ಗಳಿಗೆಯ ನಿರೀಕ್ಷೆಯೇ. ಹುಟ್ಟಲಿರುವ ಕೂಸು ಗಂಡೇ ಎಂಬುದರಲ್ಲಿ ಅವನಿಗೆ ಸಂಶಯವಿಲ್ಲ. ತಾಯಿ ಮಗು ಇಬ್ಬರಲ್ಲಿ ಒಬ್ಬರನ್ನೇ ಉಳಿಸಬೇಕಾದರೆ ಮಗುವನ್ನು ಉಳಿಸತಕ್ಕದ್ದೆಂದು ವೈದ್ಯನಿಗೆ ಆಜ್ಞಾಪಿಸುವಾಗಲೂ ಅವನ ದನಿ ನಡುಗುವುದಿಲ್ಲ.

ಅವನ ಕ್ರೌರ್ಯವನ್ನು ಚಿತ್ರ ಮುಚ್ಚಿಡುವುದಿಲ್ಲ. ಮೊಲ ಹಿಡಿಯಲು ಕಾಡಿಗೆ ಬಂದೆವೆಂದು ಹೇಳಿದ ರೈತ ತಂದೆ ಮಗ ಇಬ್ಬರನ್ನೂ ಅವನು ಗೆರಿಲ್ಲಾಗಳೆಂದು ಶಂಕಿಸಿ ಕೊಂದುಹಾಕಿದ ಮೇಲೆ, ಅವರ ಚೀಲವನ್ನು ತಡಕಿದಾಗ ಮೊಲ ಸಿಗುತ್ತದೆ. ತನ್ನ ತಪ್ಪಿಗೆ ಅವನು ಹೊಣೆಮಾಡುವುದು, ಸರಿಯಾಗಿ ಶೋಧಿಸದೆ ತನ್ನ ಹೊತ್ತನ್ನು ಹಾಳುಮಾಡಿದರೆಂದು, ಕೆಳಗಿನ ಸೈನಿಕರನ್ನು. ಮತ್ತೊಂದು ದೃಶ್ಯದಲ್ಲಿ ಅವನ ಔತಣದ ಮೇಜಿನ ಸುತ್ತ ಊರಿನ ಗಣ್ಯರೂ ಪಾದ್ರಿಯೂ ನೆರೆದು, ಬೆಟ್ಟದವರಿಗೆ ಒಂದು ತುತ್ತೂ ದಾಟದಂತೆ ಪ್ರತಿ ಮನೆಗೆ ಒಂದೇ ಪಡಿತರ ಚೀಟಿಯೆಂಬ ನಿಯಮವನ್ನು ಬಾಯಲ್ಲಿ ಅನ್ನವಿಟ್ಟುಕೊಂಡೇ ಒಪ್ಪುತ್ತಾರೆ. ಒಬ್ಬ ಕ್ರೂರಿಯಿಂದ ಮಾತ್ರ ಇಂಥ ಆಳ್ವಿಕೆ ನಿಲ್ಲದು, ಪಕ್ಕದಲ್ಲಿ ಕುಳಿತು ತಲೆದೂಗುವ ಸಭ್ಯರೂ ಅದಕ್ಕೆ ಬೇಕು ಎಂಬುದನ್ನು ಆ ಮೇಜು ಸ್ಪಷ್ಟಪಡಿಸುತ್ತದೆ.

ಮೂರು ಪರೀಕ್ಷೆಗಳು

ಮೊದಲನೆಯ ಪರೀಕ್ಷೆಯಲ್ಲಿ ಹುಡುಗಿ ಒಣಗುತ್ತಿರುವ ಅಂಜೂರದ ಮರದ ಬುಡದೊಳಗೆ ಕೆಸರಿನಲ್ಲಿ ತೆವಳಿ, ಅದರ ಜೀವರಸವನ್ನು ಹೀರುತ್ತಿರುವ ದೊಡ್ಡ ಕಪ್ಪೆಗೆ ಮೂರು ಕಲ್ಲುಗಳನ್ನು ತಿನ್ನಿಸಿ ಚಿನ್ನದ ಬೀಗದಕೈಯನ್ನು ಪಡೆಯುತ್ತಾಳೆ. ನಾಡನ್ನೇ ಹೀರಿ ಕೊಬ್ಬಿದವರ ಪ್ರತಿಮೆ ಅಲ್ಲಿ ಕಾಣುವುದು ಕಷ್ಟವಲ್ಲ.

ಎರಡನೆಯದು ಚಿತ್ರಜಗತ್ತು ಮರೆಯಲಾರದ ದೃಶ್ಯ. ಸೀಮೆಸುಣ್ಣದಿಂದ ಗೋಡೆಯ ಮೇಲೆ ಬಾಗಿಲು ಬರೆದು ಒಳಹೊಕ್ಕವಳಿಗೆ, ಭಕ್ಷ್ಯಗಳಿಂದ ತುಂಬಿದ ಉದ್ದನೆಯ ಮೇಜೂ ಅದರ ತುದಿಯಲ್ಲಿ ಅಲುಗಾಡದೆ ಕುಳಿತ ವಿವರ್ಣವಾದ ಮಾನುಷಾಕೃತಿಯೂ ಕಾಣುತ್ತವೆ. ಜೋಲುಬಿದ್ದ ಚರ್ಮ, ಕಣ್ಣಿಲ್ಲದ ಮುಖ. ಕಣ್ಣುಗುಡ್ಡೆಗಳು ಮುಂದಿನ ತಟ್ಟೆಯಲ್ಲಿವೆ. ಗೋಡೆಯ ಮೇಲೆ ಅವನು ಮಕ್ಕಳನ್ನು ಕೊಂದು ತಿನ್ನುವ ಚಿತ್ರಗಳು. ನೆಲದ ಮೇಲೆ ಪುಟ್ಟ ಪಾದರಕ್ಷೆಗಳ ರಾಶಿ. ನಾಜಿ ಮರಣಶಿಬಿರಗಳ ಛಾಯಾಚಿತ್ರಗಳನ್ನು ಕಂಡವರಿಗೆ ಆ ರಾಶಿಯ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಈ ಮೇಜಿಗೂ ವಿದಾಲನ ಔತಣದ ಮೇಜಿಗೂ, ಇಬ್ಬರ ಬೆನ್ನ ಹಿಂದಿನ ಅಗ್ಗಿಷ್ಟಿಕೆಗೂ ಇರುವ ಹೋಲಿಕೆಯನ್ನು ನಿರ್ದೇಶಕರು ಉದ್ದೇಶಪೂರ್ವಕವಾಗಿಯೇ ಇಟ್ಟಿದ್ದಾರೆ. ಇಲ್ಲಿ ಕಿನ್ನರಿಯರು ಗೋಡೆಯ ಒಂದು ಬಾಗಿಲನ್ನು ತೋರಿದರೆ, ಓಫೆಲಿಯಾ ತನ್ನ ತಿಳಿವನ್ನು ನಂಬಿ ಬೇರೊಂದನ್ನು ತೆರೆಯುತ್ತಾಳೆ. ಬೇಕಾದ ಕಠಾರಿ ಅಲ್ಲಿಯೇ ಸಿಗುತ್ತದೆ. ಅದೇ ಉಸಿರಿನಲ್ಲಿ, ಏನನ್ನೂ ತಿನ್ನಕೂಡದೆಂಬ ಎಚ್ಚರಿಕೆಯನ್ನು ಮರೆತು ಎರಡು ದ್ರಾಕ್ಷಿಯನ್ನು ಬಾಯಿಗೆ ಹಾಕಿಕೊಳ್ಳುತ್ತಾಳೆ. ರಾಕ್ಷಸ ಅಂಗೈಗಳಲ್ಲಿ ಕಣ್ಣುಗಳನ್ನು ತೊಟ್ಟು ಏಳುತ್ತಾನೆ, ಇಬ್ಬರು ಕಿನ್ನರಿಯರು ಅವನ ಬಾಯಿಗೆ ತುತ್ತಾಗುತ್ತಾರೆ. ಮಾತು ಮೀರುವುದೆಲ್ಲವೂ ಒಂದೇ ಬಗೆಯದಲ್ಲ: ವಿವೇಕದಿಂದ ಮೀರುವುದು ಬೇರೆ, ಹಸಿದ ಮಗು ಚಪಲಕ್ಕೆ ಸೋತು ಮೀರುವುದು ಬೇರೆ. ಈ ಭೇದವನ್ನು ತೋರಿಸಿದ ಪ್ರಾಮಾಣಿಕತೆಯಿಂದಲೇ ಮುಂದಿನ ಪರೀಕ್ಷೆಗೆ ತೂಕ ಬರುತ್ತದೆ.

ಮೂರನೆಯದಕ್ಕೆ ಮುನ್ನ ಫೌನೊ ಒಂದು ವಚನವನ್ನು ಕೇಳುತ್ತಾನೆ: ಹೇಳಿದ್ದನ್ನೆಲ್ಲ ಪ್ರಶ್ನಿಸದೆ ಮಾಡತಕ್ಕದ್ದು. ಹೆರಿಗೆಯಲ್ಲಿ ತಾಯಿಯನ್ನೂ ಕಳೆದುಕೊಂಡು ದಿಕ್ಕಿಲ್ಲದವಳಾದ ಬಾಲೆ ಒಪ್ಪುತ್ತಾಳೆ. ಆದರೆ ಎತ್ತಿಕೊಂಡು ಬಂದ ಹಸುಗೂಸಾದ ತಮ್ಮನ ರಕ್ತದ ಒಂದೆರಡು ಹನಿಯಿಂದ ಪಾತಾಳದ ದ್ವಾರ ತೆರೆಯುವುದೆಂದು ಫೌನೊ ಕಠಾರಿಯನ್ನು ಹಿರಿದಾಗ, ರಾಜ್ಯ ಹೋದರೂ ಹೋಗಲಿ, ಮಗುವನ್ನು ಕೊಡಲೊಲ್ಲೆನೆಂದು ಅವಳು ಎದೆಗವಚಿಕೊಳ್ಳುತ್ತಾಳೆ. ಬೆನ್ನಟ್ಟಿ ಬಂದ ವಿದಾಲ್ ಕೂಸನ್ನು ಕಸಿದುಕೊಂಡು ಅವಳಿಗೆ ಗುಂಡಿಕ್ಕುತ್ತಾನೆ. ಕಲ್ಲಿನ ಮೇಲೆ ಹರಿದ ರಕ್ತ ಅವಳದೇ ಆಯಿತು. ನಿಜವಾದ ಪರೀಕ್ಷೆ ಅದೇ ಆಗಿತ್ತೆಂಬುದು ಆಮೇಲೆ ತಿಳಿಯುತ್ತದೆ.

ದೊಡ್ಡವರ ನಿರಾಕರಣೆ

ಓಫೆಲಿಯಾಳ ನಿರಾಕರಣೆ ಒಂಟಿಯಲ್ಲ. ಮನೆವಾರ್ತೆ ನೋಡಿಕೊಳ್ಳುವ ಮೆರ್ಸೆದೆಸ್ ಗೆರಿಲ್ಲಾ ಪೆದ್ರೊವಿನ ಅಕ್ಕ; ಉಗ್ರಾಣದ ಬೀಗದಕೈಯನ್ನು, ಔಷಧವನ್ನು, ಕಾಗದಪತ್ರಗಳನ್ನು ಸೈನಿಕರ ಕಣ್ಣೆದುರಿನಿಂದಲೇ ಬೆಟ್ಟಕ್ಕೆ ಮುಟ್ಟಿಸುತ್ತಾಳೆ. ತರಕಾರಿ ಹೆಚ್ಚುವ ಸಣ್ಣ ಚಾಕುವನ್ನು ಅವಳು ನಿತ್ಯವೂ ಏಪ್ರನ್ನಿನ ಮಡಿಕೆಯಲ್ಲಿ ಸುತ್ತಿಡುವುದನ್ನು ನಾವು ಹಲವು ಸಲ ನೋಡಿರುತ್ತೇವೆ, ವಿದಾಲ್ ಒಮ್ಮೆಯೂ ನೋಡಿರುವುದಿಲ್ಲ. ಅಡಿಗೆಯ ಹೆಂಗಸೆಂದು ಅವನು ಲೆಕ್ಕಕ್ಕಿಡದೆ ಇದ್ದದ್ದರಿಂದಲೇ ತನ್ನ ಕೆಲಸ ನಡೆಯಿತೆಂದು ಸಿಕ್ಕಿಬಿದ್ದಾಗ ಹೇಳುವ ಅವಳು, ಅದೇ ಚಾಕುವಿನಿಂದ ಕಟ್ಟನ್ನು ಕತ್ತರಿಸಿಕೊಂಡು ಅವನ ಕೆನ್ನೆಯನ್ನು ಸೀಳಿ ಪಾರಾಗುತ್ತಾಳೆ.

ವೈದ್ಯ ಫೆರೆಯ್ರೊ ಆಯುಧ ಹಿಡಿಯುವವನಲ್ಲ. ಚಿತ್ರಹಿಂಸೆಯಿಂದ ಜರ್ಜರಿತನಾದ ಸೆರೆಯಾಳಿನ ಬೇಡಿಕೆಗೆ ಮಣಿದು ಅವನಿಗೆ ನೋವಿಲ್ಲದ ಸಾವನ್ನು ಕೊಟ್ಟದ್ದೇಕೆ, ಆಜ್ಞೆಯನ್ನು ಪಾಲಿಸಬಹುದಾಗಿತ್ತಲ್ಲವೇ ಎಂದು ವಿದಾಲ್ ಕೇಳಿದಾಗ, ಪ್ರಶ್ನಿಸದೆ ಸುಮ್ಮನೆ ಆಜ್ಞೆ ಪಾಲಿಸುವುದು ನಿಮ್ಮಂಥವರಿಗೆ ಮಾತ್ರ ಸಾಧ್ಯವೆಂದು ಸಾವಧಾನವಾಗಿ ಉತ್ತರಿಸಿ, ಚೀಲವನ್ನೆತ್ತಿಕೊಂಡು ಮಳೆಯಲ್ಲಿ ನಡೆದುಹೋಗುತ್ತಾನೆ. ಬೆನ್ನಿಗೆ ಗುಂಡು ಬೀಳುತ್ತದೆ. ವೈದ್ಯನ ಈ ಮಾತನ್ನೂ ಫೌನೊ ಕೇಳಿದ ವಚನವನ್ನೂ ಒಟ್ಟಿಗೆ ಇಟ್ಟು ನೋಡಿದರೆ, ಮೇಲಿನ ಲೋಕದಲ್ಲಿ ಕೇಳಿದ ಪ್ರಶ್ನೆಯನ್ನೇ ಕೆಳಗಿನ ಲೋಕದಲ್ಲಿಯೂ ಕೇಳಲಾಗಿದೆಯೆಂಬುದೂ, ಎರಡು ಕಡೆಯೂ ಉತ್ತರ ಒಂದೇ ಎಂಬುದೂ ವ್ಯಕ್ತವಾಗುತ್ತದೆ. ಹುಡುಗಿಯ ಮಾಯಾಲೋಕವನ್ನು ದುಃಖದಿಂದ ತಪ್ಪಿಸಿಕೊಳ್ಳುವ ಅಡಗುದಾಣವೆಂದು ತಿಳಿದವರು ಈ ಅಂಶವನ್ನು ಗಮನಿಸಬೇಕು. ಒಲ್ಲೆನೆನ್ನುವ ಧೈರ್ಯವನ್ನು ಆಕೆ ಕಲಿತದ್ದು ಅಲ್ಲಿ.

ಕಲೆಗಾರಿಕೆ

ಛಾಯಾಗ್ರಾಹಕ ಗಿಯೆರ್ಮೊ ನವಾರ್ರೊ ವಿದಾಲನ ಲೋಕಕ್ಕೆ ತಣ್ಣನೆಯ ನೀಲಿ ಹಸಿರುಗಳನ್ನೂ ಸರಳರೇಖೆಗಳನ್ನೂ, ಮಾಯಾಲೋಕಕ್ಕೆ ಚಿನ್ನದ ಮತ್ತು ನಸುಗೆಂಪಿನ ಬಿಸುಪನ್ನೂ ದುಂಡನೆಯ ಆಕಾರಗಳನ್ನೂ ಕೊಟ್ಟರು. ಕಥೆ ಮುಂದುವರಿದಂತೆ ಒಂದರ ಬಣ್ಣ ಇನ್ನೊಂದರೊಳಗೆ ಹರಿಯುತ್ತದೆ. ಫೌನೊ ಮತ್ತು ಕಣ್ಣಿಲ್ಲದ ರಾಕ್ಷಸ, ಎರಡನ್ನೂ ಅಭಿನಯಿಸಿದವರು ಅಮೆರಿಕದ ನಟ ಡಗ್ ಜೋನ್ಸ್. ಸ್ಪ್ಯಾನಿಷ್ ಬಾರದಿದ್ದರೂ ಅವರು ಮಾತುಗಳನ್ನು ಕಲಿತು ನುಡಿದರು, ಬಳಿಕ ಸ್ಪೇನಿನ ನಟರೊಬ್ಬರ ಕಂಠವನ್ನು ಅದಕ್ಕೆ ಸೇರಿಸಲಾಯಿತು. ಇವಾನಾ ಬಕೇರೊ ಓಫೆಲಿಯಾಳಾಗಿ, ಸೆರ್ಗಿ ಲೋಪೆಸ್ ವಿದಾಲನಾಗಿ, ಮರಿಬೆಲ್ ವೆರ್ದು ಮೆರ್ಸೆದೆಸಳಾಗಿ ನಟಿಸಿದ್ದಾರೆ. ಹಾವಿಯೆರ್ ನವರ್ರೆತೆಯ ಸಂಗೀತವೆಲ್ಲ ಪದಗಳಿಲ್ಲದ ಒಂದು ಜೋಗುಳದ ಸುತ್ತ ಬೆಳೆದಿದೆ. ಆರಂಭದಲ್ಲಿ ಕಾಣುವ ಪಾಳು ಕಟ್ಟಡಗಳು ಬೆಲ್ಚಿತೆ ಎಂಬ ಊರಿನವು. 1937ರ ಕದನದಲ್ಲಿ ಪಾಳುಬಿದ್ದ ಆ ಊರನ್ನು ಫ್ರಾಂಕೋ ತನ್ನ ವಿಜಯದ ಸ್ಮಾರಕವಾಗಿ ಹಾಗೆಯೇ ಉಳಿಸಿ, ಪಕ್ಕದಲ್ಲಿ ಹೊಸ ಊರನ್ನು ಕಟ್ಟಿಸಿದನು. 2007ರ ಆಸ್ಕರ್ ಸಮಾರಂಭದಲ್ಲಿ ಆರು ವಿಭಾಗಗಳಿಗೆ ಹೆಸರು ಸೂಚಿತವಾಗಿದ್ದ ಚಿತ್ರ, ಛಾಯಾಗ್ರಹಣ, ಕಲಾನಿರ್ದೇಶನ, ಪ್ರಸಾಧನ ಈ ಮೂರರಲ್ಲಿ ಪ್ರಶಸ್ತಿಯನ್ನು ಗಳಿಸಿತು.

ಹಿಂದೆ, ಮುಂದೆ

ಫ್ರಾಂಕೋ ಇನ್ನೂ ಆಳುತ್ತಿದ್ದಾಗಲೇ, 1973ರಲ್ಲಿ, ವಿಕ್ತೋರ್ ಎರಿಸೆ ಎಂಬ ನಿರ್ದೇಶಕರು ‘ಜೇನುಗೂಡಿನ ಚೇತನ’ ಎಂಬರ್ಥದ ಹೆಸರಿನ ಚಿತ್ರದಲ್ಲಿ, ಯುದ್ಧ ಮುಗಿದ ಹೊಸತರಲ್ಲಿ ಫ್ರಾಂಕೆನ್‌ಸ್ಟೈನ್ ಸಿನಿಮಾ ನೋಡಿ ಆ ಭೂತವನ್ನು ಹುಡುಕಿಹೊರಟ ಆನಾ ಎಂಬ ಪುಟ್ಟ ಹುಡುಗಿಯ ಕಥೆಯನ್ನು ಹೇಳಿದ್ದರು. ಸೆನ್ಸಾರಿನ ಕಣ್ಣ ಕೆಳಗೆ ಅವರು ಮೌನದಿಂದ ಸೂಚಿಸಬೇಕಾದದ್ದನ್ನು ದೆಲ್ ತೊರೊ ಮೂರು ದಶಕಗಳ ಬಳಿಕ ಬಾಯಿಬಿಟ್ಟು ನುಡಿದರು. ಅಂತರ್ಯುದ್ಧದಲ್ಲಿ ಸೋತವರಲ್ಲಿ ಸುಮಾರು 20,000 ಮಂದಿಗೆ ಅಧ್ಯಕ್ಷ ಲಾಸರೊ ಕಾರ್ದೆನಾಸರು ಆಶ್ರಯವಿತ್ತ, ಫ್ರಾಂಕೋನ ಸರಕಾರವನ್ನು ಕಡೆಯವರೆಗೂ ಮಾನ್ಯಮಾಡದ ಮೆಕ್ಸಿಕೋದಲ್ಲಿ ಹುಟ್ಟಿ ಬೆಳೆದವರಿಗೆ ಆ ಯುದ್ಧ ಪರರ ಕಥೆಯಲ್ಲ. 2001ರ ‘ಪಿಶಾಚಿಯ ಬೆನ್ನುಮೂಳೆ’ಯಲ್ಲಿ ಆ ಯುದ್ಧದ ಕೊನೆಯ ದಿನಗಳ ಅನಾಥಾಲಯವನ್ನೂ, 2022ರ ‘ಪಿನೋಕಿಯೊ’ದಲ್ಲಿ ಮುಸ್ಸೊಲಿನಿಯ ಇಟಲಿಯನ್ನೂ ದೆಲ್ ತೊರೊ ಚಿತ್ರಿಸಿದರು; ಈ ಚಿತ್ರವೂ ಸೇರಿ ಮೂರರಲ್ಲಿಯೂ ಮಕ್ಕಳೇ ನಾಯಕರು, ಮೂರರಲ್ಲಿಯೂ ಯುದ್ಧವೇ ರಾಕ್ಷಸ.

ನಾಯಕಿ ಮಗುವಾದರೂ ಇದು ಚಿಕ್ಕ ಮಕ್ಕಳಿಗೆ ತೋರಿಸತಕ್ಕ ಚಿತ್ರವಲ್ಲ. ಹಿಂಸೆಯ ದೃಶ್ಯಗಳು ದೊಡ್ಡವರಿಗೇ ಸಹಿಸಲು ಕಷ್ಟವಾಗುವಷ್ಟು ನೇರವಾಗಿವೆ. ಪ್ರಾಯಕ್ಕೆ ಬಂದವರು ಎರಿಸೆಯವರ ಚಿತ್ರವನ್ನು ಮೊದಲು ನೋಡಿ ಇದನ್ನು ಅನಂತರ ನೋಡಿದರೆ ಎರಡೂ ಹೆಚ್ಚು ಬೆಳಗುತ್ತವೆ. ನೋಡುವಾಗ ಮಾಯಾಲೋಕ ನಿಜವೋ ಭ್ರಮೆಯೋ ಎಂಬ ಚರ್ಚೆಯಲ್ಲೇ ಮನಸ್ಸನ್ನು ತೊಡಗಿಸದೆ, ಯಾರು ಯಾವ ಆಜ್ಞೆಗೆ ತಲೆಬಾಗಿದರು, ಯಾರು ಯಾವ ಗಳಿಗೆಯಲ್ಲಿ ಒಲ್ಲೆನೆಂದರು ಎಂಬುದನ್ನು ಓದುಗರು ಗಮನಿಸಬೇಕೆಂದು ಕೋರುತ್ತೇನೆ. ಸರ್ವಾಧಿಕಾರವು ಪ್ರಜೆಯಿಂದ ಮೊದಲು ಕೇಳುವುದು ಪ್ರಶ್ನಿಸದ ವಿಧೇಯತೆಯನ್ನು. ಆದುದರಿಂದ ಅದಕ್ಕೆ ಮೊದಲ ಪ್ರತಿರೋಧವೂ ತಾನೇ ಯೋಚಿಸಿ, ನಿರಪರಾಧಿಯನ್ನು ಬಲಿಗೊಡಲು ಒಪ್ಪದಿರುವುದೇ ಆಗಿದೆ.