ಆರು ಮಂದಿ ಹೊರಟರು, ಮೂವರು ಬಂದರು

1923ರ ಅಕ್ಟೋಬರ್ 15ರಂದು ಬಾಂಬೆ ವೆಯ್ಟ್‌ಲಿಫ್ಟಿಂಗ್ ಕ್ಲಬ್ಬಿನ ಆರು ಮಂದಿ ಪಾರ್ಸಿ ತರುಣರು ಜಗತ್ತು ಸುತ್ತಿ ಬರುತ್ತೇವೆಂದು ಸೈಕಲ್ ಹತ್ತಿದರು. ಆದಿ ಹಕೀಮ್, ಜಾಲ್ ಬಾಪಾಸೋಲಾ, ರುಸ್ತುಮ್ ಭೂಮ್‌ಗರಾ, ಗುಸ್ತಾದ್ ಹಥಿರಾಮ್, ಕೇಕಿ ಪೋಚ್‌ಖಾನಾವಾಲಾ, ನರಿಮನ್ ಕಪಾಡಿಯಾ. ಸುಮಾರು 71,000 ಕಿಲೋಮೀಟರ್ ತುಳಿದು 1928ರ ಮಾರ್ಚ್ 18ರಂದು ಮುಂಬೈಗೆ ಮರಳಿ ಬಂದದ್ದು ಮೊದಲ ಮೂವರು ಮಾತ್ರ.

ಈ ಕಥೆ ಹೇಳುವವರೆಲ್ಲ ಆ ಮೂವರನ್ನೇ ಹೊಗಳುತ್ತಾರೆ. ಹೊಗಳಬೇಕಾದ್ದೇ. ಬಲೂಚಿಸ್ತಾನ, ಪರ್ಷಿಯಾ ದಾಟಿ, ಬಾಗ್ದಾದಿನಿಂದ ಅಲೆಪ್ಪೋವರೆಗೆ ಮರಳುಗಾಡಿನಲ್ಲಿ ಬೆಂದು, ಆಲ್ಪ್ಸ್ ಹತ್ತಿ, ಅಮೆರಿಕವನ್ನು ಅಡ್ಡಹಾಯ್ದು, ಜಪಾನ್, ಕೊರಿಯಾ, ಚೀನಾ ನೋಡಿ ಬಂದವರು ಅವರು. ಅವರು ಬರೆದ ‘ವಿತ್ ಸೈಕ್ಲಿಸ್ಟ್ಸ್ ಅರೌಂಡ್ ದಿ ವರ್ಲ್ಡ್’ ಪುಸ್ತಕಕ್ಕೆ ಮುನ್ನುಡಿ ಬರೆದವರು ಜವಾಹರಲಾಲ್ ನೆಹರೂ. ನನಗೆ ಮಾತ್ರ ಕುತೂಹಲ ಇರುವುದು ಇನ್ನುಳಿದ ಮೂವರ ಬಗ್ಗೆ. ಕಪಾಡಿಯಾ ವೈಯಕ್ತಿಕ ಕಾರಣಕ್ಕೆ ಟೆಹರಾನಿನಿಂದಲೇ ಊರಿಗೆ ಹಿಂತಿರುಗಿದರು. ಹಥಿರಾಮ್ ಅಮೆರಿಕವನ್ನು ಎಷ್ಟು ಮೆಚ್ಚಿಕೊಂಡರೆಂದರೆ ಅಲ್ಲೇ ನೆಲೆಸಿಬಿಟ್ಟರು. ಪೋಚ್‌ಖಾನಾವಾಲಾ ಉತ್ಸಾಹ ಉಡುಗಿ ಭಾರತಕ್ಕೆ ವಾಪಸಾದರು. ಒಬ್ಬೊಬ್ಬರಿಗೂ ಒಂದೊಂದು ಸಾಲು, ಅಷ್ಟೇ. ಒಂದೇ ಕ್ಲಬ್ಬಿನಲ್ಲಿ ಭಾರ ಎತ್ತಿದವರು, ಒಂದೇ ಬೆಳಿಗ್ಗೆ ಮನೆಯವರಿಗೆ ಕೈಬೀಸಿ ಹೊರಟವರು. ಇನ್ನು ನನ್ನಿಂದಾಗದು ಎಂದು ಅವರು ಬಾಯಿಬಿಟ್ಟು ಹೇಳಿದ ರಾತ್ರಿ ಉಳಿದವರು ಏನೆಂದಿರಬಹುದು?

ಸೈಕಲ್ ಎಂಬುದು ಜೊತೆ ಪ್ರಯಾಣಕ್ಕೆ ವಿಚಿತ್ರವಾದ ವಾಹನ. ರೈಲಿನಲ್ಲಿ, ಕಾರಿನಲ್ಲಿ ನಾಲ್ಕು ಜನ ಕೂತರೆ ನಾಲ್ವರ ವೇಗವೂ ಒಂದೇ. ನಡಿಗೆಯಲ್ಲೂ ಹೆಚ್ಚೇನೂ ವ್ಯತ್ಯಾಸ ಬೀಳುವುದಿಲ್ಲ. ಸೈಕಲ್‌ನಲ್ಲಿ ಮಾತ್ರ ಪ್ರತಿಯೊಬ್ಬರೂ ತಮ್ಮ ತೊಡೆಯ ಬಲವನ್ನೇ ನಂಬಬೇಕು. ಆದರೂ ಸಮತಟ್ಟು ರಸ್ತೆಯಲ್ಲಿ ಗೆಳೆತನಕ್ಕೆ ಗಾಳಿಯೇ ನೆರವಾಗುತ್ತದೆ. ಒಬ್ಬ ಮುಂದೆ ನಿಂತು ಎದುರುಗಾಳಿ ಸೀಳಿದರೆ, ಅವನ ಹಿಂದಿನ ಚಕ್ರಕ್ಕೆ ಅಂಟಿಕೊಂಡಂತೆ ಬರುವವನಿಗೆ ಶ್ರಮದಲ್ಲಿ ಕಾಲುಭಾಗದಷ್ಟಾದರೂ ಉಳಿತಾಯ. ಸ್ವಲ್ಪ ಹೊತ್ತಿಗೆ ಹಿಂದಿನವನು ಮುಂದೆ ಬರಬೇಕು, ಮುಂದಿನವನು ಹಿಂದೆ ಸರಿಯಬೇಕು. ಮಾತಿಲ್ಲದೆ ನಡೆಯುವ ಈ ಕೊಡು-ಕೊಳ್ಳುವ ಲೆಕ್ಕದಲ್ಲಿ ಯಾರು ಸರದಿ ತಪ್ಪಿಸುತ್ತಾರೆ, ಯಾರು ದಣಿದಿದ್ದರೂ ಮುಂದೆ ಬರುತ್ತಾರೆ ಎಂಬುದು ಮೊದಲ ಮಧ್ಯಾಹ್ನವೇ ಗೊತ್ತಾಗಿಬಿಡುತ್ತದೆ. ಹತ್ತು ವರ್ಷ ಒಟ್ಟಿಗೆ ಕಾಫಿ ಕುಡಿದರೂ ಗೊತ್ತಾಗದ್ದು.

ಘಾಟಿ ಶುರುವಾದರೆ ಈ ಲೆಕ್ಕವೂ ಬರಖಾಸ್ತು. ಗಂಟೆಗೆ ಏಳೆಂಟು ಕಿಲೋಮೀಟರ್ ವೇಗದಲ್ಲಿ ಏರು ಹತ್ತುವಾಗ ಸೀಳಲು ಗಾಳಿಯೇ ಇಲ್ಲ. ಯಾರ ಬೆನ್ನ ಹಿಂದೆ ಅವಿತರೂ ಭಾರ ಕಮ್ಮಿಯಾಗದು. ಗಟ್ಟಿ ಕಾಲಿನವನು ನಿಧಾನ ಮಾಡಿದರೆ ಅವನ ಲಯ ಕೆಡುತ್ತದೆ, ಸೋತವನು ವೇಗ ಹೆಚ್ಚಿಸಿದರೆ ಇನ್ನೆರಡು ತಿರುವಿಗೆ ಕುಸಿಯುತ್ತಾನೆ. ಹೀಗಾಗಿ ಘಾಟಿಯಲ್ಲಿ ಒಬ್ಬೊಬ್ಬರೇ ಹತ್ತಿ ಮೇಲೆ ಕಾಯುವುದೇ ಕ್ರಮ. ಕಾಯುವವನು ಹೇಗೆ ಕಾಯುತ್ತಾನೆ ಎಂಬುದರಲ್ಲಿ ಎಲ್ಲವೂ ಇದೆ. ಹಿಂದಿನವನು ಏದುಸಿರು ಬಿಡುತ್ತಾ ಮೇಲೆ ಬಂದು ತಲುಪಿದ ಕ್ಷಣವೇ ‘ಸರಿ, ಹೊರಡೋಣ್ವಾ?’ ಅನ್ನುವವನಿದ್ದಾನಲ್ಲ, ಅವನಿಗೆ ಸಿಕ್ಕಷ್ಟು ವಿಶ್ರಾಂತಿ ತನ್ನ ಗೆಳೆಯನಿಗೆ ಸಿಕ್ಕಿಲ್ಲವೆಂಬುದು ಹೊಳೆಯುವುದೇ ಇಲ್ಲ. ಕೆಟ್ಟವನಲ್ಲ ಪಾಪ, ಅವನ ಮೈ ತಣ್ಣಗಾಗುತ್ತಿರುತ್ತದೆ.

ಹಸಿವಿನದು ಇನ್ನೊಂದು ಕಥೆ. ಬಿಡದೆ ಜೋರಾಗಿ ತುಳಿದರೆ ಮೈಯೊಳಗಿನ ಸಕ್ಕರೆ ದಾಸ್ತಾನು ಕೆಲವೇ ಗಂಟೆಗಳಲ್ಲಿ ಬರಿದಾಗುತ್ತದೆ. ಆಗ ಕಾಲಿಗಿಂತ ಮೊದಲು ಕೆಡುವುದು ಬುದ್ಧಿ. ದಾರಿ ತಪ್ಪಿಸಿದ್ದು ಯಾರು, ಬಾಳೆಹಣ್ಣು ಕೊಳ್ಳೋಣ ಅಂದಾಗ ಬೇಡ ಅಂದದ್ದು ಯಾರು ಎಂದು ಶುರುವಾಗುವ ಜಗಳ ಎರಡು ತಟ್ಟೆ ಚಿತ್ರಾನ್ನ ಹೊಟ್ಟೆಗೆ ಬಿದ್ದೊಡನೆ ಮಾಯ. ಅನುಭವಿ ಸೈಕಲಿಗರು ಅದಕ್ಕೇ ಜಗಳ ಬಂದರೆ ಮೊದಲು ಏನಾದರೂ ತಿನ್ನಿ ಎನ್ನುತ್ತಾರೆ. ಸಂಸಾರಕ್ಕೂ ಹೊಂದುವ ಸಲಹೆ.

ಇನ್ನು ಪಂಕ್ಚರ್. ರಾತ್ರಿ, ಹೆದ್ದಾರಿ ಬದಿ, ಹಿಂದಿನ ಚಕ್ರ. ಒಬ್ಬ ಚಕ್ರ ಬಿಚ್ಚಿ, ಟೈರಿನ ಅಂಚೆಬ್ಬಿಸಿ ಟ್ಯೂಬು ಎಳೆಯುತ್ತಾನೆ. ಹೊಸ ಟ್ಯೂಬು ಹಾಕುವ ಮುಂಚೆ ಟೈರಿನ ಒಳಮೈಯನ್ನು ಬೆರಳಿನಿಂದ ಸವರಿ ನೋಡಬೇಕು. ಲಾರಿ ಟೈರು ಸಿಡಿದು ಬಿದ್ದ ತಂತಿಯ ಚೂರು, ಇಲ್ಲವೇ ಜಾಲಿಮುಳ್ಳಿನ ತುದಿ ಅಲ್ಲೇ ಕಚ್ಚಿಕೊಂಡಿರುತ್ತದೆ; ಅದನ್ನು ತೆಗೆಯದಿದ್ದರೆ ಹೊಸ ಟ್ಯೂಬಿಗೂ ಅದೇ ಗತಿ. ಆತುರದಲ್ಲಿ ಸವರಿದರೆ ಸಿಗುವುದಿಲ್ಲ, ನಿಧಾನ ಸವರಬೇಕು, ಬೆರಳಿಗೆ ಚುಚ್ಚಿಸಿಕೊಳ್ಳಲೂ ಬೇಕು. ಎರಡನೆಯವನು ಟಾರ್ಚ್ ಹಿಡಿದು ಬಗ್ಗಿರುತ್ತಾನೆ. ಮೂರನೆಯವನು ಗಡಿಯಾರ ನೋಡುತ್ತಾನೆ. ಆ ನೋಟ ಉಳಿದಿಬ್ಬರ ಕಣ್ಣಿಗೂ ಬಿದ್ದಿರುತ್ತದೆ.

ಆ ಆರು ಮಂದಿ ಹೊರಟ ಮರುವರ್ಷ, 1924ರಲ್ಲಿ, ಅದೇ ಮುಂಬೈಯಿಂದ ಫ್ರಾಮ್‌ರೋಜ್ ದಾವರ್ ಎಂಬ ಕ್ರೀಡಾ ಪತ್ರಕರ್ತ ಒಬ್ಬರೇ ಹೊರಟರು. ಜೊತೆ ಬೇಡವೆಂದೋ, ಸಿಗಲಿಲ್ಲವೆಂದೋ, ಅಂತೂ ಒಂಟಿಯಾಗಿ ವಿಯೆನ್ನಾವರೆಗೆ ತುಳಿದರು. ಅಲ್ಲಿ ಗುಸ್ತಾವ್ ಸ್ತಾವ್ಯಾನಿಕ್ ಎಂಬ ಆಸ್ಟ್ರಿಯನ್ ಸೈಕಲಿಗ ಜೊತೆಯಾದ. ಊರು ಬೇರೆ, ಧರ್ಮ ಬೇರೆ, ಮಾತೃಭಾಷೆ ಬೇರೆ. ಇವರಿಬ್ಬರೂ ಸಹಾರಾ ದಾಟಿದರು, ಆಂಡೀಸ್ ಹತ್ತಿದರು, ಅಮೆಜಾನ್ ಕಾಡು ಹೊಕ್ಕರು. 1931ರವರೆಗೆ ಜೊತೆ ಬಿಡಲಿಲ್ಲ. ಒಂದೇ ಕ್ಲಬ್ಬಿನವರು ಟೆಹರಾನಿನಲ್ಲಿ ಕಳಚಿಕೊಂಡರೆ, ವಿಯೆನ್ನಾದಲ್ಲಿ ಪರಿಚಯವಾದವನು ಸಹಾರಾದ ಆಚೆಗೂ ಬರಬಹುದು. ಊರಿನ ಗೆಳೆತನದಲ್ಲಿ ಹಳೆಯ ನೆನಪು, ಮನೆತನದ ಸಲುಗೆ, ಎಷ್ಟೋ ಇರುತ್ತದೆ; ದಾರಿಯ ಗೆಳೆತನ ಕೇಳುವುದು ಒಂದನ್ನೇ, ನಿನ್ನ ಲಯಕ್ಕೂ ನನ್ನ ಲಯಕ್ಕೂ ಹೊಂದುತ್ತದೆಯೇ ಎಂದು.

ಕೋಲ್ಕತ್ತದಿಂದ 1926ರ ಡಿಸೆಂಬರಿನಲ್ಲಿ ಹೊರಟ ಬಿಮಲ್ ಮುಖರ್ಜಿ ಅವರ ಕಥೆ ಇದಕ್ಕೆ ತಿರುಗುಮುರುಗು. ನಾಲ್ವರು ಗೆಳೆಯರಾಗಿ ಹೊರಟರು, ಜೊತೆಗಾರರು ದಾರಿಯಲ್ಲಿ ಬೇರೆಯಾದರು, ಬಿಮಲ್ ಒಬ್ಬರೇ ಸಿಕ್ಕ ಸಿಕ್ಕ ಕೆಲಸ ಮಾಡಿಕೊಂಡು ಸುತ್ತಿ 1937ರಲ್ಲಿ ಮನೆ ಸೇರಿದರು. ಆ ಅನುಭವ ‘ದು ಚಾಕಾಯ್ ದುನಿಯಾ’ ಎಂಬ ಬಂಗಾಳಿ ಪುಸ್ತಕವಾಗಿ ಬಂದದ್ದು 1986ರಲ್ಲಿ. 1933ರಲ್ಲಿ ಮುಂಬೈಯಿಂದ ಇನ್ನೊಂದು ಪಾರ್ಸಿ ತಂಡ ಹೊರಟಿತು: ಕೇಕಿ ಖರಾಸ್, ರುಸ್ತಮ್ ಗಾಂಧಿ, ರತನ್ ಶ್ರಾಫ್. 1942ರಲ್ಲಿ ಮರಳುವ ಹೊತ್ತಿಗೆ ಎರಡನೆಯ ಮಹಾಯುದ್ಧವೇ ನಡೆಯುತ್ತಿತ್ತು. ಹೋದದ್ದೂ ಮೂವರು, ಬಂದದ್ದೂ ಮೂವರು. ಅವರ ಗೆಳೆತನ ಹೆಚ್ಚು ಗಟ್ಟಿ, ಮೊದಲ ತಂಡದ್ದು ಪೊಳ್ಳು ಎಂದು ತೀರ್ಪು ಕೊಡಲು ನಾನು ಸಿದ್ಧನಿಲ್ಲ. ಎಲ್ಲರೂ ನೋಡುತ್ತಿರುವಾಗ, ಪತ್ರಿಕೆಯಲ್ಲಿ ಹೆಸರು ಬಂದಮೇಲೆ, ‘ನಾನಿನ್ನು ಬರುವುದಿಲ್ಲ’ ಎನ್ನಲು ಬೇಕಾದ ಎದೆಗಾರಿಕೆ ಮರಳುಗಾಡು ದಾಟುವುದಕ್ಕೆ ಬೇಕಾದ್ದಕ್ಕಿಂತ ಕಡಿಮೆಯದಲ್ಲ. ತಾನು ಯಾರು ಎಂದು ಕಂಡುಕೊಳ್ಳಲು ಜನ ಸೈಕಲ್ ಹತ್ತುತ್ತಾರಂತೆ. ಟೆಹರಾನಿನಲ್ಲೇ ಕಂಡುಕೊಂಡವನು ಚೀನಾದವರೆಗೆ ಏಕೆ ಹೋಗಬೇಕು?

ಬೆಂಗಳೂರಿನ ಸುತ್ತಮುತ್ತ ಈಗ ಬ್ರೆವೆ ಎಂಬ ದೂರದ ಸೈಕಲ್ ಸವಾರಿಗಳು ನಡೆಯುತ್ತವೆ. 200 ಕಿಲೋಮೀಟರಿಗೆ ಹದಿಮೂರೂವರೆ ಗಂಟೆ, 600 ಕಿಲೋಮೀಟರಿಗೆ 40 ಗಂಟೆ ಗಡುವು. ಇದು ರೇಸಲ್ಲ, ಮೊದಲ ಸ್ಥಾನ, ಎರಡನೆಯ ಸ್ಥಾನ ಇಲ್ಲ. ಗಡುವಿನೊಳಗೆ ಬಂದವರೆಲ್ಲ ಸಮಾನರು. ನಡುವಿನ ಕಂಟ್ರೋಲ್‌ಗಳಿಗೂ, ಅಂದರೆ ಹಾಜರಿ ಹಾಕಿಸಬೇಕಾದ ತಾಣಗಳಿಗೂ, ಮುಚ್ಚುವ ವೇಳೆ ಇದೆ, ಹಿಂದೆ ಕಾರಿನಲ್ಲಿ ಯಾರೂ ನೆರವಿಗೆ ಬರುವಂತಿಲ್ಲ. ಆದರೆ ಜೊತೆಗಾರ ಸೈಕಲಿಗರು ಒಬ್ಬರಿಗೊಬ್ಬರು ಸಹಾಯ ಮಾಡಬಹುದು. ಹಾಗಾಗಿ ನಡುರಾತ್ರಿ ಎರಡು ಗಂಟೆಗೆ ಹೆದ್ದಾರಿಯ ಢಾಬಾದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಒಬ್ಬ ಮಂಡಿ ಹಿಡಿದು ಕೂತಾಗ ಸಂಕಟ ಎದುರು ನಿಂತವನಿಗೆ. ಮುಂದಿನ ಕಂಟ್ರೋಲ್ ಮುಚ್ಚಲು ಇನ್ನು ಸ್ವಲ್ಪವೇ ಸಮಯ.

‘ನೀ ಹೋಗೋ ಮಾರಾಯ, ನಾನು ಬೆಳಗಿನ ಬಸ್ಸಿಗೆ ಬರ್ತೀನಿ.’

‘ಸೈಕಲ್ಲು?’

‘ಟಾಪ್ ಮೇಲೆ ಹಾಕಿಸ್ತೀನಿ. ಆಯೋಜಕರಿಗೆ ಫೋನ್ ಮಾಡಾಯ್ತು. ನಿನ್ ಹತ್ರ ಟ್ಯೂಬು ಎಷ್ಟಿದೆ?’

‘ಒಂದು.’

‘ನಂದೂ ಒಂದು ತಗೋ.’