ಕೊಡಗಿನ ಹೋಂಸ್ಟೇ: ಮನೆಯೇ ವಸತಿಗೃಹ

ಮಾಲೀಕರು ತಾವಿರುವ ಮನೆಯಲ್ಲೇ ಕೆಲವು ಕೋಣೆಗಳನ್ನು ಪ್ರವಾಸಿಗರಿಗೆ ಬಾಡಿಗೆಗೆ ಕೊಟ್ಟರೆ ಅದು ಹೋಂಸ್ಟೇ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಯೋಜನೆಯಲ್ಲಿ ಇಂಥ ಮನೆಗೆ 6 ಕೋಣೆ, 12 ಹಾಸಿಗೆಗಳ ಮಿತಿಯಿದೆ. ಮಾಲೀಕರ ಕುಟುಂಬ ಅಲ್ಲೇ ವಾಸವಿರಬೇಕು.

ಕೊಡಗಿನ ಅನೇಕ ಹೋಂಸ್ಟೇಗಳು ಕಾಫಿ ತೋಟದ ನಡುವೆಯೇ ಇವೆ. ಕಾಫಿ ಫಸಲು ವರ್ಷಕ್ಕೊಮ್ಮೆ, ಬೆಲೆಯೂ ಏರಿಳಿಯುತ್ತದೆ. ಕೋಣೆಯ ಬಾಡಿಗೆ ಬೆಳೆಗಾರರಿಗೆ ಉಪ ಆದಾಯ.

ಹೋಟೆಲಿನಂತೆ ಇಲ್ಲಿ ಲಿಫ್ಟ್ ಇಲ್ಲ, ರಿಸೆಪ್ಷನ್ ಇಲ್ಲ. ಹೆಚ್ಚಿನ ಕೆಲಸ ಮನೆಯವರದೇ. ಹಾಗಾಗಿ ಖರ್ಚು ಕಡಿಮೆ, ಸಾಮಾನ್ಯವಾಗಿ ದರವೂ ಕಡಿಮೆ. ಕೆಲವೆಡೆ ದರ ಕೋಣೆಗೆ, ಕೆಲವೆಡೆ ತಲೆಗೆ. ತಿಂಡಿ, ಊಟ ಅದರಲ್ಲೇ ಸೇರಿರುವುದೂ ಉಂಟು.

ಅಡುಗೆಯೂ ಮನೆಯದೇ. ಅಕ್ಕಿ ರೊಟ್ಟಿ, ಕಡಂಬುಟ್ಟು (ಅಕ್ಕಿ ತರಿಯ ಕಡುಬು), ನೂಪುಟ್ಟು (ಅಕ್ಕಿ ಶಾವಿಗೆ). ಜೊತೆಗೆ ಕಾಚಂಪುಳಿ ಎಂಬ ಕಪ್ಪು ಹಣ್ಣಿನ ರಸದ ಹುಳಿ ಹಿಡಿದ ಪಂದಿಕರಿ, ಅಂದರೆ ಹಂದಿಮಾಂಸದ ಸಾರು. ಮಳೆಗಾಲದಲ್ಲಿ ಕಳಲೆ ಸಾರು. ಊಟದ ಸಂಖ್ಯೆಯನ್ನು ಮೊದಲೇ ತಿಳಿಸಬೇಕಾಗುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿರುಮಳೆ. ಜಿಗಣೆ ಕಾಟ, ಆಗಾಗ ಕೈಕೊಡುವ ಕರೆಂಟು. ಆಗ ಬಾಡಿಗೆಯೂ ಇಳಿಯುತ್ತದೆ. ಮಾರ್ಚ್–ಏಪ್ರಿಲ್‌ನಲ್ಲಿ ಕಾಫಿ ಅರಳಿಸುವ ಹೂಮಳೆ ಬಿದ್ದರೆ ತೋಟವೆಲ್ಲ ಬಿಳಿ ಹೂವು. ವರ್ಷಾಂತ್ಯದ ರಜೆಯಲ್ಲಿ ದರ ಏರುತ್ತದೆ.

ಅತಿಥಿಗಳು ಗುರುತಿನ ಚೀಟಿ ತೋರಿಸಬೇಕು. ವಿದೇಶಿಯರು ತಂಗಿದರೆ 24 ಗಂಟೆಯೊಳಗೆ ಅವರ ವಿವರವನ್ನು ಸಂಬಂಧಪಟ್ಟ ಅಧಿಕಾರಿಗಳಿಗೆ ಸಲ್ಲಿಸುವ ಹೊಣೆ ಮಾಲೀಕರದು. ಮುಂಗಡ ಕೊಡುವ ಮುನ್ನ ಹೋಂಸ್ಟೇ ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿಯಾಗಿದೆಯೇ ಎಂದು ನೋಡಿಕೊಳ್ಳುವುದು ಕ್ಷೇಮ.