ಪಂದ್ಯಕ್ಕೆ ಯುದ್ಧದ ಹೆಸರು

ಅಣ್ಣತಮ್ಮಂದಿರು ಗದ್ದೆಯ ಬದುವಿಗಾಗಿ ಹೊಡೆದಾಡಿಕೊಂಡರೆ, ‘ಅವರ ಮನೆಯಲ್ಲಿ ಕುರುಕ್ಷೇತ್ರವೇ ನಡೆಯಿತು’ ಎಂದು ಹೇಳುವ ವಾಡಿಕೆ ನಮ್ಮಲ್ಲಿ ಉಂಟು. ಈ ಮಾತನ್ನು ಆಡುವವರಿಗೆ ಸಂಕೋಚವಿಲ್ಲ, ಕೇಳುವವರಿಗೆ ನೋವಿಲ್ಲ. ಹದಿನೆಂಟು ಅಕ್ಷೌಹಿಣಿ ಸೈನ್ಯ ಮಡಿದ ಕಥೆಯನ್ನು ಒಂದು ಬದುವಿನ ಜಗಳಕ್ಕೆ ಹೋಲಿಸಬಹುದೆ ಎಂದು ಆಕ್ಷೇಪಿಸುವ ಮೊಮ್ಮಕ್ಕಳು ನಮ್ಮ ನೆರೆಹೊರೆಯಲ್ಲಿ ಇಲ್ಲವಷ್ಟೆ. ಆದರೆ ಯುದ್ಧವು ಪುರಾಣಕಾಲದ್ದಾಗಿರದೆ ಸಮೀಪದ ಇತಿಹಾಸಕ್ಕೆ ಸೇರಿದ್ದಾಗಿ, ಅದರಲ್ಲಿ ಮಡಿದವರ ಮತ್ತು ಅದರಿಂದ ಬಿಡುಗಡೆ ಹೊಂದಿದವರ ಸಂತತಿಯು ಕಣ್ಣೆದುರಿನಲ್ಲಿಯೇ ಬಾಳುತ್ತಿದ್ದರೆ, ಆಗಲೂ ಅದರ ಹೆಸರನ್ನು ಆಟಕ್ಕಾಗಿ ಎರವಲು ತರಬಹುದೆ? ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಎರಡು ವಿಶ್ವವಿದ್ಯಾನಿಲಯಗಳು ೨೦೨೦ರಲ್ಲಿ ಈ ಪ್ರಶ್ನೆಗೆ ಉತ್ತರ ಹೇಳಬೇಕಾಯಿತು. ಆ ವಿಚಾರವನ್ನು ಕೇಳುಗರ ಮುಂದೆ ಇಡುವುದು ಈ ಹೊತ್ತಿನ ನಮ್ಮ ಉದ್ದೇಶ.

ಅಮೆರಿಕದ ಪಶ್ಚಿಮ ತೀರದಲ್ಲಿ ಆರಿಗನ್ ಎಂಬ ಸಂಸ್ಥಾನವಿದೆ. ಅದರ ವಿಲ್ಯಾಮೆಟ್ ನದಿಯ ಕಣಿವೆಯಲ್ಲಿ, ಒಂದಕ್ಕೊಂದು ಸುಮಾರು ೪೦ ಮೈಲಿ ದೂರದಲ್ಲಿ, ಯೂಜೀನ್ ಮತ್ತು ಕಾರ್ವಾಲಿಸ್ ಎಂಬ ಎರಡು ಊರುಗಳಿವೆ. ಕಾರ್ವಾಲಿಸ್ಸಿನ ಕಾಲೇಜನ್ನು ೧೮೬೮ರಲ್ಲಿ ಸಂಸ್ಥಾನದ ವ್ಯವಸಾಯ ಕಾಲೇಜನ್ನಾಗಿ ಗೊತ್ತುಮಾಡಿದರು. ಅದೇ ಬೆಳೆದು ಇಂದಿನ ಆರಿಗನ್ ಸ್ಟೇಟ್ ವಿಶ್ವವಿದ್ಯಾನಿಲಯವಾಗಿದೆ. ಯೂಜೀನ್ ನಗರದಲ್ಲಿ ೧೮೭೬ರಲ್ಲಿ ಆರಿಗನ್ ವಿಶ್ವವಿದ್ಯಾನಿಲಯ ತೆರೆಯಿತು. ಒಂದರ ಲಾಂಛನ ಬೀವರ್ ಎಂಬ, ಹೊಳೆಗೆ ಕಟ್ಟೆ ಕಟ್ಟುವ ಪ್ರಾಣಿ, ಇನ್ನೊಂದರದು ಬಾತುಕೋಳಿ. ಒಂದೇ ಕಣಿವೆ, ಒಂದೇ ಸರ್ಕಾರ, ಒಂದೇ ಬೊಕ್ಕಸ. ಆದುದರಿಂದ ಇವೆರಡರ ನಡುವೆ ದಾಯಾದಿ ಮತ್ಸರ ಬೆಳೆದುದರಲ್ಲಿ ಆಶ್ಚರ್ಯವಿಲ್ಲ.

ಈ ಮತ್ಸರಕ್ಕೆ ಅಂಗಳವಾದುದು ಫುಟ್‌ಬಾಲ್ ಆಟ. ಅಲ್ಲಿಯವರ ಫುಟ್‌ಬಾಲ್ ನಾವು ಬಲ್ಲ ಕಾಲ್ಚೆಂಡಿನ ಆಟವಲ್ಲ. ಮೊಟ್ಟೆಯ ಆಕಾರದ ಚೆಂಡನ್ನು ಕೈಯಲ್ಲಿ ಹಿಡಿದು, ಎದುರು ಸಾಲನ್ನು ಭೇದಿಸಿಕೊಂಡು, ಗಜ ಗಜವಾಗಿ ನೆಲವನ್ನು ಗೆಲ್ಲುತ್ತ ಮುನ್ನುಗ್ಗುವ ಆಟವದು. ಹೀಗಾಗಿ ಯುದ್ಧದ ಮಾತುಗಳು ಅದಕ್ಕೆ ಸಹಜವಾಗಿ ಅಂಟಿಕೊಳ್ಳುತ್ತವೆ. ಉಭಯ ಸಂಸ್ಥೆಗಳ ಮೊದಲನೆಯ ಪಂದ್ಯ ನಡೆದುದು ೧೮೯೪ನೆಯ ನವೆಂಬರ್ ೩ರಂದು, ಕಾರ್ವಾಲಿಸ್ಸಿನಲ್ಲಿ. ವ್ಯವಸಾಯ ಕಾಲೇಜಿನವರು ೧೬ಕ್ಕೆ ಸೊನ್ನೆಯಂತೆ ಗೆದ್ದರು. ೧೯೧೦ರ ಪಂದ್ಯದ ತರುವಾಯ ಕೈಕೈ ಮಿಲಾಯಿಸುವಷ್ಟು ಗಲಭೆಯಾಗಿ ೧೯೧೧ರಲ್ಲಿ ಆಟವೇ ನಡೆಯಲಿಲ್ಲ. ಮರುವರ್ಷ, ಎರಡೂ ಊರುಗಳನ್ನು ಬಿಟ್ಟು ಆಲ್ಬನಿ ಎಂಬ ಮೂರನೆಯ ಊರಿನಲ್ಲಿ ಆಡಿಸಬೇಕಾಯಿತು. ೧೯೪೩ ಮತ್ತು ೧೯೪೪ರಲ್ಲಿ ಮಹಾಯುದ್ಧದ ಕಾರಣದಿಂದ ಪಂದ್ಯ ನಿಂತಿತು. ೧೯೪೫ರಿಂದ ೨೦೨೫ರವರೆಗೆ ಒಂದು ವರ್ಷವೂ ತಪ್ಪದೆ ನಡೆದಿದೆ.

ಕಾಲೇಜಿನಲ್ಲಿ ಪಾಠ ಹೇಳುವ ನಮಗೆ ಈ ಬಗೆಯ ಉತ್ಸಾಹ ಹೊಸದಲ್ಲ. ನೆರೆಯ ಕಾಲೇಜಿನೊಡನೆ ಪಂದ್ಯವಿರುವ ದಿನ ಮಧ್ಯಾಹ್ನದ ತರಗತಿಯಲ್ಲಿ ಹಾಜರಿ ಕರೆದರೆ ಉತ್ತರ ಕೊಡುವವರು ಮುಂದಿನ ಬೆಂಚಿನ ನಾಲ್ವರು ಮಾತ್ರ. ಆರಿಗನ್ನಿನಲ್ಲಿಯಾದರೋ ಇದು ವಿದ್ಯಾರ್ಥಿಗಳ ಮಟ್ಟಿಗೆ ನಿಲ್ಲುವುದಿಲ್ಲ. ಗಂಡ ಒಂದು ವಿಶ್ವವಿದ್ಯಾನಿಲಯದ ಪದವೀಧರ, ಹೆಂಡತಿ ಇನ್ನೊಂದರವಳು. ತಂದೆ ಬೀವರ್ ಪಕ್ಷ, ಮಗ ಬಾತುಕೋಳಿಯ ಪಕ್ಷ. ಮನೆ ಮನೆಯೂ ಇಬ್ಭಾಗವಾಗುವ ಈ ಪಂದ್ಯಕ್ಕೆ ಮೊದಲು ‘ಆರಿಗನ್ ಕ್ಲಾಸಿಕ್’ ಎಂದೂ ಸಂಸ್ಥಾನದ ಚಾಂಪಿಯನ್ ಪಂದ್ಯವೆಂದೂ ಹೆಸರಿದ್ದಿತು. ೧೯೨೯ರಲ್ಲಿ ಮೊದಲಬಾರಿಗೆ ಅದನ್ನು ‘ಸಿವಿಲ್ ವಾರ್’, ಎಂದರೆ ಅಂತರ್ಯುದ್ಧ, ಎಂದು ಕರೆದರು. ೧೯೩೭ರಿಂದ ಈಚೆಗೆ ಆ ಹೆಸರು ಎಲ್ಲರ ಬಾಯಲ್ಲಿಯೂ ನೆಲೆಯೂರಿತು.

ಅಮೆರಿಕದವರಿಗೆ ಆ ಎರಡು ಪದಗಳು ಬರಿಯ ಸಾಮಾನ್ಯ ನಾಮವಲ್ಲ. ೧೮೬೧ರಿಂದ ೧೮೬೫ರವರೆಗೆ ಉತ್ತರ ದಕ್ಷಿಣ ಭಾಗಗಳ ನಡುವೆ ನಡೆದ ಯುದ್ಧದ ಅಂಕಿತನಾಮ ಅದು. ೧೮೬೦ರ ಜನಗಣತಿಯಂತೆ ಆ ದೇಶದಲ್ಲಿ ಗುಲಾಮರಾಗಿದ್ದವರು ಸುಮಾರು ೪೦ ಲಕ್ಷ. ಗುಲಾಮಗಿರಿಯನ್ನು ಉಳಿಸಿಕೊಳ್ಳುವುದಕ್ಕಾಗಿ ದಕ್ಷಿಣದ ಸಂಸ್ಥಾನಗಳು ಒಕ್ಕೂಟವನ್ನು ಬಿಟ್ಟು ಹೊರಟುದೇ ಯುದ್ಧಕ್ಕೆ ಮೂಲ. ಸತ್ತ ಸೈನಿಕರ ಸಂಖ್ಯೆ ೬ ಲಕ್ಷ ೨೦ ಸಾವಿರವೆಂದು ಬಹುಕಾಲದಿಂದ ಎಣಿಸಿದ್ದರು. ಜನಗಣತಿಯ ಪಟ್ಟಿಗಳನ್ನು ಹೊಸದಾಗಿ ಪರಿಶೀಲಿಸಿ ಡೇವಿಡ್ ಹ್ಯಾಕರ್ ಎಂಬ ಇತಿಹಾಸಕಾರರು ೨೦೧೧ರಲ್ಲಿ ಅದನ್ನು ಸುಮಾರು ೭ ಲಕ್ಷ ೫೦ ಸಾವಿರಕ್ಕೆ ಏರಿಸಿದರು.

ಈ ಯುದ್ಧಕ್ಕೂ ದೂರದ ಆರಿಗನ್ನಿಗೂ ಏನು ಸಂಬಂಧವೆಂದು ಕೇಳಬಹುದು. ಆ ನೆಲದಲ್ಲಿ ಅದರ ಕಾಳಗಗಳು ನಡೆಯಲಿಲ್ಲವೆಂಬುದು ನಿಜ. ಆದರೆ ಅಬ್ರಹಾಂ ಲಿಂಕನ್ನರ ಆಪ್ತಮಿತ್ರರೂ ಆರಿಗನ್ನಿನಿಂದ ಸೆನೆಟ್ ಸಭೆಗೆ ಹೋಗಿದ್ದವರೂ ಆದ ಎಡ್ವರ್ಡ್ ಬೇಕರ್, ೧೮೬೧ನೆಯ ಅಕ್ಟೋಬರ್ ೨೧ರಂದು ವರ್ಜೀನಿಯದ ಬಾಲ್ಸ್ ಬ್ಲಫ್ ಕಾಳಗದಲ್ಲಿ ಮಡಿದರು. ಸೆನೆಟ್ಟಿನ ಸದಸ್ಯರಾಗಿರುವಾಗಲೇ ರಣದಲ್ಲಿ ಸತ್ತವರು ಅವರೊಬ್ಬರೇ. ಇನ್ನೊಂದು ಸಂಬಂಧ ಇದಕ್ಕಿಂತ ಆಳವಾದುದು. ೧೮೫೯ರಲ್ಲಿ ಆರಿಗನ್ ಒಕ್ಕೂಟಕ್ಕೆ ಸೇರಿದಾಗ ಅದರ ರಾಜ್ಯಾಂಗದಲ್ಲಿ ಗುಲಾಮಗಿರಿಗೂ ಎಡೆಯಿರಲಿಲ್ಲ, ಕರಿಯರಿಗೂ ಎಡೆಯಿರಲಿಲ್ಲ; ಹೊಸದಾಗಿ ಬರುವ ಕರಿಯರು ಅಲ್ಲಿ ವಾಸಮಾಡಕೂಡದು, ಆಸ್ತಿ ಹೊಂದಕೂಡದು ಎಂಬ ವಿಧಿಯಿದ್ದಿತು. ಯುದ್ಧಾನಂತರದ ತಿದ್ದುಪಡಿಗಳಿಂದ ಅದರ ಬಲ ಹೋಗಿದ್ದರೂ, ಆ ಅಕ್ಷರಗಳನ್ನು ಮತದಾನದಿಂದ ತೆಗೆದುಹಾಕಿದುದು ೧೯೨೬ರಲ್ಲಿ. ಅದಾದ ಮೂರೇ ವರ್ಷಕ್ಕೆ ಪಂದ್ಯಕ್ಕೆ ಅಂತರ್ಯುದ್ಧವೆಂದು ಹೆಸರು ಬಂದಿತು. ಹೆಸರಿಟ್ಟವರು ಕೇಡನ್ನು ಬಯಸಿದರೆಂದು ನಾವು ಹೇಳುವುದಿಲ್ಲ. ಆ ಹೆಸರನ್ನು ಕೇಳಿ ನೋಯಬಹುದಾದವರನ್ನು ಅಷ್ಟು ಕಾಲವೂ ಹೊರಗಿಡಲು ಬಯಸಿದ ಸಂಸ್ಥಾನವದು ಎಂಬುದನ್ನು ಮಾತ್ರ ನೆನಪಿಸುತ್ತೇವೆ.

ಮುಂದೆ ಕಾಲ ಬದಲಾಯಿತು. ಯಾರನ್ನು ಹೊರಗಿಡಲು ಬಯಸಿದ್ದರೋ ಅವರ ಮಕ್ಕಳೇ ಎರಡೂ ತಂಡಗಳ ಬೆನ್ನೆಲುಬಾದರು. ೨೦೨೦ನೆಯ ಮೇ ೨೫ರಂದು ಮಿನಿಯಾಪೊಲಿಸ್ ನಗರದಲ್ಲಿ ಜಾರ್ಜ್ ಫ್ಲಾಯ್ಡ್ ಎಂಬ ಕರಿಯ ಮನುಷ್ಯನು ಪೊಲೀಸರ ಕೈಯಲ್ಲಿ ಸತ್ತ ಮೇಲೆ ದೇಶವೆಲ್ಲ ಕಲಕಿಹೋಯಿತು. ಆಗ ಆರಿಗನ್ ವಿಶ್ವವಿದ್ಯಾನಿಲಯದ ಹಿಂದಿನ ಪ್ರಸಿದ್ಧ ಆಟಗಾರ ಡೆನಿಸ್ ಡಿಕ್ಸನ್ ಪಂದ್ಯದ ಹೆಸರಿನ ಪ್ರಶ್ನೆಯನ್ನು ಎತ್ತಿದರು. ವಿದ್ಯಾರ್ಥಿ ಆಟಗಾರರೊಡನೆ ಸಮಾಲೋಚಿಸಿ, ಜೂನ್ ೨೬ರಂದು ಉಭಯ ವಿಶ್ವವಿದ್ಯಾನಿಲಯಗಳೂ ಕೂಡಿ ಆ ಹೆಸರನ್ನು ಇನ್ನು ಬಳಸುವುದಿಲ್ಲವೆಂದು ಪ್ರಕಟಿಸಿದುವು. ಆರಿಗನ್ ಸ್ಟೇಟ್ ವಿಶ್ವವಿದ್ಯಾನಿಲಯದ ಅಧ್ಯಕ್ಷ ಎಡ್ ರೇ ಅವರು, ಹೆಸರಿಟ್ಟುದರಲ್ಲಿ ನಿಜವಾದ ಯುದ್ಧದ ಉದ್ದೇಶವಿರಲಿಲ್ಲವೆಂಬುದನ್ನು ಒಪ್ಪಿಕೊಂಡರು. ಆದರೂ ಗುಲಾಮಗಿರಿಯನ್ನು ಉಳಿಸಲು ಹೂಡಿದ ಯುದ್ಧವನ್ನು ಅದು ನೆನಪಿಗೆ ತರುತ್ತದೆ, ಇದಕ್ಕೆ ಮುಂಚೆಯೇ ಬದಲಾಯಿಸದೆ ಇದ್ದುದು ತಪ್ಪು ಎಂಬ ಅಭಿಪ್ರಾಯಪಟ್ಟರು.

ಹಳೆಯ ಹೆಸರಿನ ಪರವಾಗಿ ಹೇಳಬಹುದಾದ ಮಾತುಗಳೂ ಇವೆ. ಅವುಗಳನ್ನು ಲಘುವಾಗಿ ಕಾಣುವುದು ನ್ಯಾಯವಲ್ಲ. ಮೊದಲನೆಯದು, ಹೆಸರಿನ ಸ್ವಾರಸ್ಯ. ಒಂದೇ ಮನೆಯ ಜನ ಎರಡು ಪಕ್ಷವಾಗುವುದನ್ನು ಅಂತರ್ಯುದ್ಧವೆಂಬ ಮಾತು ಎಷ್ಟು ಚೆನ್ನಾಗಿ ಹೇಳುತ್ತದೆ! ಎರಡನೆಯದು, ಪರಂಪರೆ. ತೊಂಬತ್ತು ವರ್ಷಗಳ ಕಾಲ ತಾತ, ತಂದೆ, ಮಗ ಎಲ್ಲರೂ ಆಡಿದ ಮಾತನ್ನು ಒಂದು ಪ್ರಕಟಣೆಯಿಂದ ಕಿತ್ತುಹಾಕಿದರೆ ಮನಸ್ಸು ನೋಯುವುದು ಸಹಜ. ಮೂರನೆಯದು, ಎಲ್ಲೆಯ ಪ್ರಶ್ನೆ. ಈ ಹೊತ್ತು ಇದು, ನಾಳೆ ಯಾವುದು?

ಇವುಗಳನ್ನು ಒಂದೊಂದಾಗಿ ತೂಗಿ ನೋಡೋಣ. ಸ್ವಾರಸ್ಯವೇನೋ ಇದೆ. ಆದರೆ ಆ ಸ್ವಾರಸ್ಯವೆಲ್ಲ ನೋಟಕರದು. ಮೈದಾನದ ನಡುವೆ ನಿಂತ ಹುಡುಗನ ಮುತ್ತಜ್ಜನ ತಂದೆ ಹತ್ತಿಯ ತೋಟದಲ್ಲಿ ಗುಲಾಮನಾಗಿದ್ದಿರಬಹುದು. ಅವನಿಗೆ ಅದು ಉಪಮೆಯಲ್ಲ, ವಂಶವೃತ್ತಾಂತ. ಕುರುಕ್ಷೇತ್ರಕ್ಕೂ ಇದಕ್ಕೂ ಇರುವ ಅಂತರ ಇಷ್ಟೆ. ಹಳೆಯ ಗಾಯದ ಹೆಸರನ್ನು ಹಾಸ್ಯಕ್ಕೆ ಬಳಸಬಹುದು; ಮಾಯದ ಗಾಯದ ಹೆಸರನ್ನು ಬಳಸುವ ಮೊದಲು ಗಾಯಗೊಂಡವನನ್ನು ಒಂದು ಮಾತು ಕೇಳಬೇಕು. ೨೦೨೦ರಲ್ಲಿ ಕೇಳಿದರು. ಪರಂಪರೆಯ ವಿಷಯದಲ್ಲಿಯಾದರೋ ಇಸವಿಗಳೇ ಉತ್ತರ ಹೇಳುತ್ತವೆ. ಪಂದ್ಯ ಹುಟ್ಟಿದ್ದು ೧೮೯೪ರಲ್ಲಿ, ಹೆಸರು ಬಂದದ್ದು ೧೯೨೯ರಲ್ಲಿ. ಮೂವತ್ತೈದು ವರ್ಷ ಆ ಹೆಸರಿಲ್ಲದೆಯೇ ಹುಡುಗರು ಆಡಿದರು, ಗೆದ್ದರು, ಸೋತರು, ಬಡಿದಾಡಿಯೂ ಬಡಿದಾಡಿದರು. ಆದುದರಿಂದ ಪರಂಪರೆಯೆಂಬುದು ಪಂದ್ಯವೇ ಹೊರತು ಹೆಸರಲ್ಲ.

ಎಲ್ಲೆಯ ಪ್ರಶ್ನೆಗೆ ಇನ್ನೊಂದು ಸಂಸ್ಥಾನದ ಉದಾಹರಣೆ ನೆರವಾಗುತ್ತದೆ. ಕ್ಯಾನ್ಸಸ್ ಮತ್ತು ಮಿಸ್ಸೂರಿ ಎಂಬ ನೆರೆಯ ಸಂಸ್ಥಾನಗಳ ವಿಶ್ವವಿದ್ಯಾನಿಲಯಗಳು ೧೮೯೧ರಿಂದ ಫುಟ್‌ಬಾಲ್ ಆಡುತ್ತಿದ್ದುವು. ಆ ಪಂದ್ಯಕ್ಕೆ ‘ಗಡಿಯ ಯುದ್ಧ’ವೆಂದು ಹೆಸರು. ಇಲ್ಲಿ ಅದು ಉಪಮೆಯೂ ಅಲ್ಲ. ೧೮೬೩ನೆಯ ಆಗಸ್ಟ್ ೨೧ರಂದು ಮಿಸ್ಸೂರಿಯ ಕಡೆಯಿಂದ ಬಂದ ಕ್ವಾಂಟ್ರಿಲ್ಲನ ದಂಡು ಕ್ಯಾನ್ಸಸ್ಸಿನ ಲಾರೆನ್ಸ್ ಪಟ್ಟಣವನ್ನು ಸುಟ್ಟು, ಸುಮಾರು ೧೫೦ ಮಂದಿ ಗಂಡಸರನ್ನೂ ಹುಡುಗರನ್ನೂ ಕೊಂದಿತು. ಕ್ಯಾನ್ಸಸ್ ವಿಶ್ವವಿದ್ಯಾನಿಲಯ ಇರುವುದು ಆ ಪಟ್ಟಣದಲ್ಲಿಯೇ. ಅಮೆರಿಕದ ಸೈನಿಕರು ಇರಾಕಿನಲ್ಲಿ ಕಾದುತ್ತಿದ್ದ ೨೦೦೪ರಲ್ಲಿ ಉಭಯರೂ ‘ಯುದ್ಧ’ವೆಂಬ ಮಾತನ್ನು ಬಿಟ್ಟು ಬೇರೆ ಹೆಸರನ್ನು ಅಧಿಕೃತವಾಗಿ ಇಟ್ಟರು. ಅಭಿಮಾನಿಗಳ ಬಾಯಲ್ಲಿ ಮಾತ್ರ ಹಳೆಯ ಹೆಸರೇ ಉಳಿಯಿತು. ಒಂದೊಂದು ಹೆಸರಿಗೂ ಒಂದೊಂದು ಚರಿತ್ರೆಯುಂಟು. ಒಂದೊಂದನ್ನೂ ಬೇರೆಯಾಗಿಯೇ ತೂಗಬೇಕು. ಹೆಸರನ್ನು ಹಿಂದಕ್ಕೆ ತೆಗೆದುಕೊಳ್ಳುವ ಅಧಿಕಾರ ಆಡಳಿತದವರಿಗೆ ಇರಬಹುದು. ಜನರ ನಾಲಗೆಯ ಮೇಲೆ ಹೊಸ ಹೆಸರನ್ನು ಕೂರಿಸುವ ಅಧಿಕಾರ ಅವರಿಗಿಲ್ಲ. ಆರಿಗನ್ನಿನವರು ಹಳೆಯದನ್ನು ಬಿಟ್ಟ ದಿನ ಹೊಸದನ್ನು ಇಡುವ ಆತುರ ತೋರಲಿಲ್ಲ. ಅದು ವಿವೇಕವೆಂದೇ ನಮಗೆ ತೋರುತ್ತದೆ.

ಹೆಸರು ಹೋದರೆ ಪಂದ್ಯದ ಕಳೆಯೇ ಹೋದೀತೆಂಬ ಭಯ ಏನಾಯಿತು? ೨೦೨೦ನೆಯ ನವೆಂಬರ್ ೨೭ರಂದು, ಸಾಂಕ್ರಾಮಿಕದ ಕಾರಣ ನೋಟಕರಿಲ್ಲದ ಕಾರ್ವಾಲಿಸ್ ಮೈದಾನದಲ್ಲಿ, ಹೆಸರಿಲ್ಲದ ಪಂದ್ಯ ನಡೆಯಿತು. ಬೀವರ್ ಪಕ್ಷದವರು ೪೧ಕ್ಕೆ ೩೮ರಂತೆ ಗೆದ್ದರು. ಆಟದ ಕಾವಿಗೆ ಏನೂ ಕುಂದು ಬರಲಿಲ್ಲ.

ಪಂದ್ಯಕ್ಕೆ ಪೆಟ್ಟು ಬಿದ್ದುದು ಬೇರೊಂದು ದಿಕ್ಕಿನಿಂದ. ಪಶ್ಚಿಮ ತೀರದ ವಿಶ್ವವಿದ್ಯಾನಿಲಯಗಳ ಕ್ರೀಡಾಕೂಟವೊಂದು ೧೯೧೫ರಲ್ಲಿ ಸ್ಥಾಪಿತವಾದಾಗ ಈ ಎರಡೂ ಅದರ ಸ್ಥಾಪಕರು. ದೂರದರ್ಶನದ ಪ್ರಸಾರದಿಂದ ಬರುವ ಹಣ ಬೆಳೆದಂತೆ ಕೂಟಗಳ ನಡುವೆ ಪೈಪೋಟಿ ಹತ್ತಿತು. ಹೆಚ್ಚಿನ ವರಮಾನವನ್ನು ಅರಸಿ ಆರಿಗನ್ ವಿಶ್ವವಿದ್ಯಾನಿಲಯ ೨೦೨೪ರಲ್ಲಿ ‘ಬಿಗ್ ಟೆನ್’ ಎಂಬ ದೂರದ ಕೂಟಕ್ಕೆ ಹೊರಟುಹೋಯಿತು. ಆರಿಗನ್ ಸ್ಟೇಟ್ ಹಿಂದೆ ಉಳಿಯಿತು. ಋತುವಿನ ಕೊನೆಗೆ, ಚಳಿಗಾಲದ ಬಾಗಿಲಲ್ಲಿ ನಡೆಯುತ್ತಿದ್ದ ಪಂದ್ಯ ಸೆಪ್ಟೆಂಬರಿಗೆ ಸರಿಯಿತು. ವರ್ಷ ವರ್ಷವೂ ನಡೆದೇ ತೀರುವುದೆಂಬ ಭರವಸೆ ಈಗ ಉಳಿದಿಲ್ಲ. ಮಿಸ್ಸೂರಿಯಲ್ಲಿಯೂ ಹೀಗೆಯೇ ಆಯಿತು. ೨೦೦೪ರಲ್ಲಿ ಹೆಸರು ಬದಲಾದರೂ ಆಟ ನಿಲ್ಲಲಿಲ್ಲ. ೨೦೧೨ರಲ್ಲಿ ಮಿಸ್ಸೂರಿಯವರು ಬೇರೆ ಕೂಟಕ್ಕೆ ಹೋದೊಡನೆ ಫುಟ್‌ಬಾಲ್ ಪಂದ್ಯ ನಿಂತುಹೋಗಿ, ಮತ್ತೆ ನಡೆದುದು ೨೦೨೫ರಲ್ಲಿ. ಹೆಸರಿಗಾಗಿ ಮರುಗಿದವರು ಈ ಇಸವಿಗಳನ್ನು ಗಮನಿಸಬೇಕು. ಪರಂಪರೆಯನ್ನು ಕಾಯುವವರು ಮುಂಬಾಗಿಲಲ್ಲಿ ನಿಂತು ಹೆಸರಿಗಾಗಿ ವಾದಿಸುತ್ತಿರುವಾಗ, ಹಣವು ಹಿತ್ತಿಲ ಬಾಗಿಲಿನಿಂದ ಪಂದ್ಯವನ್ನೇ ಕೊಂಡೊಯ್ಯುತ್ತಿದ್ದಿತು.

ಈ ಎರಡು ವಿಶ್ವವಿದ್ಯಾನಿಲಯಗಳ ನಡುವೆ ಒಂದು ಚಿಕ್ಕ ಪಾರಿತೋಷಕವಿದೆ. ೧೯೫೯ರಲ್ಲಿ ವಾರೆನ್ ಸ್ಪೇಡಿ ಎಂಬ ಕಲಾವಿದ್ಯಾರ್ಥಿ ಮರದಲ್ಲಿ ಕೆತ್ತಿದ ಪ್ಲಾಟಿಪಸ್ ಪ್ರಾಣಿಯ ಬೊಂಬೆಯದು. ಆ ಪ್ರಾಣಿಗೆ ಬಾತುಕೋಳಿಯ ಕೊಕ್ಕು, ಬೀವರಿನ ಬಾಲ. ಉಭಯ ಪಕ್ಷಗಳೂ ಒಂದೇ ಮೈಯಲ್ಲಿ! ಕೆಲವೇ ವರ್ಷಗಳಲ್ಲಿ ಅದು ಕಳೆದುಹೋಗಿ, ದೀರ್ಘಕಾಲದ ಮೇಲೆ ೨೦೦೫ರಲ್ಲಿ ಮತ್ತೆ ದೊರಕಿತು. ೨೦೦೭ರಿಂದ ಹಳೆಯ ವಿದ್ಯಾರ್ಥಿಗಳ ಸಂಘಗಳು ಗೆದ್ದವರಿಗೆ ಅದನ್ನು ಒಪ್ಪಿಸುತ್ತ ಬಂದಿವೆ. ಯುದ್ಧದ ಹೆಸರು ಹೇಳಲಾರದ ಮಾತನ್ನು ಈ ಮರದ ಬೊಂಬೆ ಹೇಳುತ್ತದೆ. ಎದುರಾಳಿ ಎಂದರೆ ಶತ್ರುವಲ್ಲ; ನಮ್ಮ ಅರ್ಧ ಮೈ. ಅವನು ಮೈದಾನಕ್ಕೆ ಬಾರದೆ ಹೋದರೆ ನಮ್ಮ ಆಟವೂ ಇಲ್ಲ. ಹೆಸರು ಯಾವುದಾದರೂ ಇರಲಿ, ನೆರೆಯೂರಿನ ಹುಡುಗರು ವರ್ಷಕ್ಕೊಮ್ಮೆ ಬಂದು ಆಡಿ ಹೋಗುವುದು ತಪ್ಪದಿರಲಿ.